ಕೆಸರೂರಿನ ಮೊದಲ ಮೇಯರು: ವಿಲಿಯಂ ಬಟ್ಲರ್ ಆಗ್ಡನ್

ಷಿಕಾಗೋ ಎಂದೊಡನೆ ನಮ್ಮ ಜನಕ್ಕೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ ಮತ್ತು ಅಲ್ಲಿ ಮಾತನಾಡಲು ಎದ್ದು ನಿಂತ ಸ್ವಾಮಿ ವಿವೇಕಾನಂದರು. ಆ ಯಾತ್ರೆಗೆ ಮುಂಚಿನ ವರ್ಷ ಸ್ವಾಮಿಗಳು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದರೆಂಬುದೂ, ಹಡಗು ಹತ್ತಿದ್ದು ನಮ್ಮ ಈ ಮುಂಬಯಿಯ ಬಂದರಿನಲ್ಲೆಂಬುದೂ ಇಲ್ಲಿಯ ಕನ್ನಡಿಗರಿಗೆ ಹೆಮ್ಮೆಯ ಸಂಗತಿಗಳು. ಆದರೆ ಸ್ವಾಮಿಗಳು ಕಂಡ ಷಿಕಾಗೋ ಹತ್ತು ಲಕ್ಷಕ್ಕೂ ಮಿಗಿಲಾದ ಜನರ ಮಹಾನಗರ. ಅದಕ್ಕೆ ಅರುವತ್ತು ವರ್ಷ ಹಿಂದೆ ಅಲ್ಲಿ ಏನಿದ್ದಿತೆಂದು ಕೇಳಿದರೆ, ಒಂದು ಮರದ ಕೋಟೆ, ಕೆಲವು ಗುಡಿಸಲು, ಒಂದು ಮಂದಗತಿಯ ಹೊಳೆ, ಮಿಕ್ಕದ್ದೆಲ್ಲ ಕೆಸರು. ಆ ಕೆಸರೂರು ನಗರವೆಂದು ಹೆಸರು ಪಡೆದಾಗ ಅದಕ್ಕೆ ಮೊದಲ ಮೇಯರಾದವನು ವಿಲಿಯಂ ಬಟ್ಲರ್ ಆಗ್ಡನ್. ಅವನ ಕಥೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ರಾಜ್ಯೋತ್ಸವದ ಸಂಚಿಕೆಯಲ್ಲಿ ಅಮೆರಿಕದವನೊಬ್ಬನ ಚರಿತ್ರೆಯೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ನಾವು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಬಂದ ಊರಿನಲ್ಲಿ ಮನೆ ಮಾಡಿ, ಮಕ್ಕಳನ್ನು ಓದಿಸಿ, ಮೂವತ್ತು ನಲವತ್ತು ವರ್ಷ ಕಳೆದ ಮೇಲೆಯೂ ನಿಮ್ಮದು ಯಾವೂರು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರುವವರು. ಆಗ್ಡನ್ನನೂ ಪರವೂರಿನವನೇ. ಅಷ್ಟು ಸಾಕೆಂದುಕೊಂಡಿದ್ದೇವೆ.

ಅವನು ಹುಟ್ಟಿದ್ದು 1805ರ ಜೂನ್ 15ರಂದು, ನ್ಯೂಯಾರ್ಕ್ ಸಂಸ್ಥಾನದ ಗುಡ್ಡಗಾಡಿನಲ್ಲಿರುವ ವಾಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ಏಬ್ರಹಾಂ ಆಗ್ಡನ್ನನದು ಮರಮಟ್ಟಿನ ವ್ಯಾಪಾರ, ಜಮೀನಿನ ವ್ಯವಹಾರ. ಹುಡುಗನಿಗೆ ವಕೀಲನಾಗುವ ಆಸೆಯಿದ್ದಿತು. ಆದರೆ ಅವನಿಗೆ ಹದಿನೈದು ಹದಿನಾರು ತುಂಬುವಷ್ಟರಲ್ಲಿ ತಂದೆ ಲಕ್ವ ಹೊಡೆದು ಮಲಗಿದನು. ಮನೆಯ ಭಾರ ಹಿರಿಯ ಮಗನ ಹೆಗಲಿಗೆ ಬಂತು. ತಮ್ಮ ತಂಗಿಯರನ್ನು ಸಾಕುತ್ತ, ಕೂಲಿಯವರಿಗೆ ಸಂಬಳ ಕೊಡುತ್ತ, ಸಾಲಗಾರರಿಗೆ ಉತ್ತರ ಹೇಳುತ್ತ ಬೆಳೆದ ಹುಡುಗನಿಗೆ ಕಾಲೇಜಿನ ಮಾತೆಲ್ಲಿ ಬಂತು? ನಮ್ಮ ಮನೆಗಳಲ್ಲಿಯೂ ಇಂತಹ ಹಿರಿಯ ಮಕ್ಕಳನ್ನು ಕಂಡಿದ್ದೇವೆ. ತಾವು ಓದಲಾಗದೆ ಬೇರೆಯವರನ್ನು ಓದಿಸಿದವರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಅಂದರೆ 1834ರಲ್ಲಿ, ಅವನು ನ್ಯೂಯಾರ್ಕ್ ಶಾಸನ ಸಭೆಗೆ ಆರಿಸಿ ಬಂದನು. ಅಲ್ಲಿ ಅವನು ವಾದಿಸಿದ ಮುಖ್ಯ ವಿಷಯ ನ್ಯೂಯಾರ್ಕಿನಿಂದ ಈರಿ ಸರೋವರಕ್ಕೆ ಹೋಗಬೇಕಾದ ರೈಲುದಾರಿ. ರೈಲೆಂಬುದೇ ಇನ್ನೂ ಹಲವರಿಗೆ ಹುಚ್ಚಾಟವೆಂದು ತೋರುತ್ತಿದ್ದ ಕಾಲವದು.

ಷಿಕಾಗೋವಿಗೆ ಅವನು ಬಂದದ್ದು ಸ್ವಂತ ಇಚ್ಛೆಯಿಂದಲ್ಲ, ಭಾವನ ಕೆಲಸದ ಮೇಲೆ. ಸೋದರಿ ಎಲೈಜಾಳ ಗಂಡ ಚಾರ್ಲ್ಸ್ ಬಟ್ಲರ್ ಹಣವಂತ, ಧೈರ್ಯಸ್ಥ. ಷಿಕಾಗೋ ಹೊಳೆಯ ಉತ್ತರದ ದಡದಲ್ಲಿ ಸುಮಾರು 180 ಎಕರೆ ನೆಲವನ್ನು ಒಂದು ಲಕ್ಷ ಡಾಲರಿಗೆ ಕೊಂಡುಬಿಟ್ಟಿದ್ದನು. ಅದನ್ನು ಅಳೆಯಿಸಿ, ನಿವೇಶನಗಳಾಗಿ ವಿಂಗಡಿಸಿ ಮಾರುವ ಕೆಲಸ ಭಾವಮೈದುನನ ಪಾಲಿಗೆ ಬಂತು. 1835ರಲ್ಲಿ ಆಗ್ಡನ್ ಬಂದು ನೋಡಿದಾಗ ಮಳೆ ಸುರಿದು ನಿಂತಿತ್ತು. ಓಕ್ ಮರದ ಕುರುಚಲು, ಆಳುದ್ದ ಹುಲ್ಲು, ಹೆಜ್ಜೆಯಿಟ್ಟರೆ ಕಾಲು ಹೂತುಹೋಗುವ ಜೌಗು. ಭಾವ ಮೋಸಹೋದನೆಂದು ಅವನಿಗೆ ಖಾತ್ರಿಯಾಗಿ, ಹಾಗೆಯೇ ಕಾಗದ ಬರೆದು ಹಾಕಿದನು. ಆದರೂ ಒಪ್ಪಿಕೊಂಡ ಕೆಲಸವಾದ್ದರಿಂದ ಚರಂಡಿ ತೋಡಿಸಿ, ಬೀದಿ ಗುರುತು ಮಾಡಿಸಿ ಹರಾಜಿಗೆ ಇಟ್ಟನು. ಮೂರರಲ್ಲಿ ಒಂದು ಪಾಲು ನೆಲ ಮಾರುವಷ್ಟರಲ್ಲಿಯೇ ಭಾವ ಹಾಕಿದ ಒಂದು ಲಕ್ಷವೂ ಬಹುಮಟ್ಟಿಗೆ ಕೈಗೆ ಬಂತು! ಆಗ್ಡನ್ನನಿಗೆ ಆಶ್ಚರ್ಯವಾಯಿತೇ ಹೊರತು ನಂಬಿಕೆ ಬರಲಿಲ್ಲ. ಇದೊಂದು ಜ್ವರ, ಇಳಿದೀತು ಎಂದೇ ಅವನ ಎಣಿಕೆ. ಆ ಎಣಿಕೆ ಎಷ್ಟು ಸರಿಯೆಂಬುದು ಎರಡೇ ವರ್ಷದಲ್ಲಿ ತಿಳಿಯಿತು. ಅಷ್ಟರಲ್ಲಿ ಅವನೇ ಅಲ್ಲಿ ಬಿಡಾರ ಹೂಡಿ ಆ ಜ್ವರಕ್ಕೆ ಸಿಕ್ಕಿದ್ದನು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಆ ನೆಲ ಬಟ್ಲರನದಾಗುವ ಮೊದಲು, ಅವನಿಗೆ ಮಾರಿದವರದಾಗುವ ಮೊದಲು, ಪೊಟವಾಟಮಿ ಎಂಬ ಮೂಲನಿವಾಸಿಗಳದಾಗಿತ್ತು. ಊರಿನ ಹೆಸರೂ ಆ ನೆಲದ ಮಕ್ಕಳ ನುಡಿಯಿಂದ ಬಂದದ್ದು. ಹೊಳೆಯ ದಡದಲ್ಲಿ ಬೆಳೆಯುತ್ತಿದ್ದ ಕಾಡು ಈರುಳ್ಳಿಯ ಜಾತಿಯ ಗಿಡದ ಹೆಸರದು. 1833ರ ಒಪ್ಪಂದದಲ್ಲಿ ಆ ಜನರಿಂದ ಮಿಸಿಸಿಪ್ಪಿಯ ಪೂರ್ವಕ್ಕಿದ್ದ ಉಳಿದ ನೆಲವನ್ನೂ ಬರೆಸಿಕೊಂಡದ್ದಾಯಿತು. ಆಗ್ಡನ್ ಬಂದ 1835ರಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ನೂರಾರು ಮಂದಿ ಪೊಟವಾಟಮಿ ಯೋಧರು ಮೈಗೆ ಬಣ್ಣ ಬಳಿದುಕೊಂಡು ಷಿಕಾಗೋವಿನ ಬೀದಿಗಳಲ್ಲಿ ಕಡೆಯ ಬಾರಿ ಯುದ್ಧನೃತ್ಯವಾಡಿ ಪಶ್ಚಿಮಕ್ಕೆ ಹೊರಟುಹೋದರು. ಒಂದು ಕಡೆ ಆ ನೃತ್ಯ, ಇನ್ನೊಂದು ಕಡೆ ನಿವೇಶನಗಳ ಹರಾಜು. ಒಂದೇ ಊರು, ಒಂದೇ ವರ್ಷ.

1837ರ ಮಾರ್ಚ್ 4ರಂದು ಷಿಕಾಗೋವಿಗೆ ನಗರದ ಸನ್ನದು ಸಿಕ್ಕಿತು. ಜನಸಂಖ್ಯೆ ನಾಲ್ಕು ಸಾವಿರದ ಮೇಲೆ ಚಿಲ್ಲರೆ. ನಮ್ಮ ಲೆಕ್ಕಕ್ಕೆ ಅದೊಂದು ಹೋಬಳಿಯ ಊರು. ಮೇ 2ರಂದು ಚುನಾವಣೆ ನಡೆಯಿತು. ಡೆಮೋಕ್ರಾಟ್ ಪಕ್ಷದಿಂದ ಆಗ್ಡನ್, ವಿಗ್ ಪಕ್ಷದಿಂದ ಜಾನ್ ಕಿನ್ಜಿ. ಕಿನ್ಜಿ ಹಸುಗೂಸಾಗಿದ್ದಾಗಲೇ ಅಲ್ಲಿಗೆ ಬಂದು ಆ ಹೊಳೆಯ ದಡದಲ್ಲಿ ಆಡಿ ಬೆಳೆದವನು. ಅವನ ತಂದೆ ಊರಿನ ಮೊಟ್ಟಮೊದಲ ಬಿಳಿಯ ವರ್ತಕರಲ್ಲೊಬ್ಬನು. ಊರಿನ ಮಗ ಒಂದು ಕಡೆ, ಎರಡು ವರ್ಷದ ಹಿಂದೆ ಬಂದ ನೆಲದ ದಳ್ಳಾಳಿ ಇನ್ನೊಂದು ಕಡೆ. ಬಿದ್ದದ್ದು ಒಟ್ಟು ಏಳುನೂರರ ಸುಮಾರು ಮತ. ಅದರಲ್ಲಿ ದೊಡ್ಡ ಪಾಲು ದಳ್ಳಾಳಿಗೇ ಬಂತು. ಕಾರಣ ಸರಳ. ಮತ ಹಾಕಿದವರಲ್ಲಿ ಬಹುಮಂದಿ ಅವನ ಹಾಗೆಯೇ ನಿನ್ನೆ ಮೊನ್ನೆ ಬಂದವರು!

ಪಟ್ಟಕ್ಕೆ ಬಂದು ಹತ್ತು ದಿನವಾಗಿರಲಿಲ್ಲ, ಸಿಡಿಲು ಬಡಿಯಿತು. ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ಕಾಗದದ ನೋಟಿಗೆ ಬೆಳ್ಳಿ ಬಂಗಾರ ಕೊಡುವುದನ್ನು ನಿಲ್ಲಿಸಿದವು. ದೇಶದ ಉದ್ದಗಲಕ್ಕೂ ಅಂಗಡಿ ಮುಗ್ಗಟ್ಟು ಮುಚ್ಚತೊಡಗಿದವು. ಸಾಲ ತೆಗೆದು ನೆಲ ಕೊಂಡಿದ್ದ ಷಿಕಾಗೋವಿಗಂತೂ ಉಸಿರೇ ಕಟ್ಟಿತು. ನಿನ್ನೆ ಸಾವಿರ ಡಾಲರು ಬಾಳುತ್ತಿದ್ದ ನಿವೇಶನವನ್ನು ಇಂದು ನೂರಕ್ಕೂ ಕೇಳುವವರಿಲ್ಲ. ಮೇಯರನೂ ಈ ಬಲೆಯ ಹೊರಗಿರಲಿಲ್ಲ. ಅವನ ಸ್ವಂತದ ಸಾಲವೂ, ಇತರರಿಗಾಗಿ ಹಾಕಿದ ಜಾಮೀನೂ ಕುತ್ತಿಗೆಗೆ ಬಂದಿದ್ದವು.

ಊರಿನಲ್ಲಿ ಒಂದು ಕೂಗೆದ್ದಿತು. ಕೋರ್ಟುಗಳನ್ನು ಕೆಲಕಾಲ ಮುಚ್ಚಿಸಬೇಕು, ಸಾಲ ವಸೂಲಿಯನ್ನು ನಿಲ್ಲಿಸಬೇಕು, ಸಾಲವನ್ನೇ ಅಳಿಸಿಹಾಕಿದರೂ ತಪ್ಪಿಲ್ಲ ಎಂದು. ಸಾರ್ವಜನಿಕ ಸಭೆ ಸೇರಿತು. ನೆರೆದವರೆಲ್ಲ ನೊಂದವರು, ಅವರ ಕೋಪಕ್ಕೆ ಕಾರಣವಿಲ್ಲದಿರಲಿಲ್ಲ. ಮತ ಬೇಕಾದ ಯಾವ ಮೇಯರಾದರೂ ಆ ಹೊತ್ತಿನಲ್ಲಿ ಜನರ ಜೊತೆಗೆ ಕೂಗುತ್ತಿದ್ದನು. ಆಗ್ಡನ್ ಎದ್ದು ನಿಂತು ಅದಕ್ಕೆ ವಿರುದ್ಧವಾಗಿ ಮಾತನಾಡಿದನು. ಕೊಟ್ಟ ಮಾತನ್ನು ಒಂದು ಸಲ ಮುರಿದ ಊರಿಗೆ ಮತ್ತೆ ಯಾರೂ ಒಂದು ಕಾಸು ಕೊಡಲಾರರು, ಕಷ್ಟವನ್ನು ಮುಚ್ಚಿಡೋಣ, ಮರ್ಯಾದೆ ಕಳೆದುಕೊಳ್ಳುವುದು ಬೇಡ ಎಂಬುದು ಅವನ ವಾದದ ಸಾರ. ಸಭೆ ಅವನ ಮಾತನ್ನು ಕೇಳಿತು. ಸಾಲ ತೀರಿಸಬಾರದೆಂಬ ನಿರ್ಣಯ ಬಿದ್ದುಹೋಯಿತು.

ಬರಿಯ ಮಾತಿನಿಂದ ಹೊಟ್ಟೆ ತುಂಬದಷ್ಟೆ. ಊರಿನಲ್ಲಿ ಚಲಾವಣೆಗೆ ದುಡ್ಡೇ ಇರಲಿಲ್ಲವಾದ್ದರಿಂದ ನಗರಸಭೆ ತನ್ನದೇ ಸಣ್ಣ ಸಣ್ಣ ಚೀಟಿಗಳನ್ನು ಹೊರಡಿಸಿತು. ತೆರಿಗೆಗೆ ಅವನ್ನು ಸಲ್ಲಿಸಬಹುದೆಂದು ಮಾಡಿದ್ದರಿಂದ ಅಂಗಡಿಯವರೂ ತೆಗೆದುಕೊಂಡರು. ಆಗ್ಡನ್ನನ ಅಧಿಕಾರ ಒಂದೇ ವರ್ಷದ್ದು. ಹೇಳಿಕೊಳ್ಳುವಂತಹ ಕಟ್ಟಡವನ್ನಾಗಲಿ ಬೀದಿಯನ್ನಾಗಲಿ ಅವನು ಆ ವರ್ಷ ಮಾಡಿಸಲಿಲ್ಲ, ಹಣವೆಲ್ಲಿತ್ತು? ಊರು ದಿವಾಳಿ ಏಳದಂತೆ ನೋಡಿಕೊಂಡನು, ಅಷ್ಟೇ. ಅವನು ಮುಂದೆ ಕಟ್ಟಿದ ರೈಲುದಾರಿಗಳಿಗಿಂತ ನಮಗೆ ಈ ಒಂದು ಸಭೆಯೇ ಹೆಚ್ಚಿನದಾಗಿ ಕಾಣುತ್ತದೆ. ಅವನು ಸಾಲದ ಪಾವಿತ್ರ್ಯವನ್ನು ಕುರಿತು ಮಾತನಾಡಿದ್ದು ಸಾಲ ಕೊಟ್ಟವನಾಗಿಯಲ್ಲ, ಸಾಲದಲ್ಲಿ ಮುಳುಗಿದ್ದವನಾಗಿ.

ಮೇಯರಾಗಿದ್ದವನಿಗೆ ಮತ್ತೆ ವಾರ್ಡಿನ ಪ್ರತಿನಿಧಿಯಾಗಿ ಕೂರಲು ನಾಚಿಕೆಯಾಗಲಿಲ್ಲ. 1840ರಲ್ಲೊಮ್ಮೆ, 1847ರಲ್ಲೊಮ್ಮೆ ಸಾಮಾನ್ಯ ಸದಸ್ಯನಾಗಿ ನಗರಸಭೆಗೆ ಬಂದನು. ಆ ಕಾಲದ ಊರಿನ ರಾಜಕೀಯವನ್ನು ತಿಳಿಯಬೇಕಾದರೆ ಸೇತುವೆಯ ಜಗಳವನ್ನು ಕೇಳಬೇಕು. ಹೊಳೆಯ ದಕ್ಷಿಣದ ವರ್ತಕರಿಗೂ ಉತ್ತರದವರಿಗೂ ಬದ್ಧದ್ವೇಷ. ಹಳ್ಳಿಗಳಿಂದ ಗೋಧಿಯ ಗಾಡಿಗಳು ದಕ್ಷಿಣದ ಕಡೆಯಿಂದ ಬರುತ್ತಿದ್ದವು. ಸೇತುವೆ ಇದ್ದರೆ ಗಾಡಿ ಉತ್ತರಕ್ಕೆ ದಾಟಿಹೋಗಿ ಅಲ್ಲಿಯ ಉಗ್ರಾಣಗಳಿಗೆ ಗೋಧಿ ಸುರಿಯುತ್ತದೆಂದು ದಕ್ಷಿಣದವರಿಗೆ ಹೊಟ್ಟೆಯುರಿ. 1839ರಲ್ಲಿ ಹಳೆಯ ಡಿಯರ್‌ಬಾರ್ನ್ ಬೀದಿಯ ಸೇತುವೆಯನ್ನು ತೆಗೆದುಹಾಕಲು ಸಭೆ ಅಪ್ಪಣೆ ಕೊಟ್ಟದ್ದೇ ತಡ, ಸಭೆ ಮನಸ್ಸು ಬದಲಿಸೀತೆಂಬ ಭಯದಿಂದ ಬೆಳಕು ಹರಿಯುವ ಮೊದಲೇ ಜನ ಕೊಡಲಿ ಹಿಡಿದು ಬಂದು ಅದನ್ನು ಕಡಿದು ಕೆಡವಿದರಂತೆ! ಉತ್ತರದ ದಡದಲ್ಲಿ ನೆಲವಿದ್ದ ಆಗ್ಡನ್ನನೂ ಅವನ ಮಿತ್ರ ವಾಲ್ಟರ್ ನ್ಯೂಬೆರಿಯೂ ಸುಮ್ಮನಿರುವವರಲ್ಲ. ಕ್ಲಾರ್ಕ್ ಬೀದಿಯಲ್ಲಿ ಹೊಸ ಸೇತುವೆ ಬೇಕೆಂದು ಹಟ ಹಿಡಿದರು. ಕ್ಯಾಥೊಲಿಕ್ ಮಠಕ್ಕೆ ಅದೇ ಹೊತ್ತಿಗೆ ಉತ್ತರದ ದಡದಲ್ಲಿ ನೆಲವನ್ನು ದಾನ ಮಾಡಿದ್ದು ಕೇವಲ ಭಕ್ತಿಯಿಂದಲ್ಲವೆಂದು ಊರಿನವರು ಆಡಿಕೊಂಡರು. ಸೇತುವೆ 1840ರಲ್ಲಿ ಆಯಿತು. ಅದರ ನಕ್ಷೆ ಹಾಕಿದವನೂ ಆಗ್ಡನ್ನನೇ ಎನ್ನುತ್ತಾರೆ. ಲೋಕೋಪಕಾರವೂ ಸ್ವಂತ ಲಾಭವೂ ಒಂದೇ ಗಾಡಿಯ ಜೋಡೆತ್ತುಗಳಾಗಿದ್ದ ಮನುಷ್ಯ ಅವನು. ಯಾವ ಎತ್ತು ಹೆಚ್ಚು ಎಳೆಯಿತೆಂದು ಹೇಳುವುದು ಅವನಿಗೂ ಕಷ್ಟವಾಗುತ್ತಿತ್ತೇನೋ.

ಇನ್ನು ರೈಲಿನ ಮಾತು. ಪಶ್ಚಿಮದ ಸೀಸದ ಗಣಿಗಳ ಊರಾದ ಗಲೀನಾಕ್ಕೆ ಷಿಕಾಗೋವಿನಿಂದ ರೈಲುದಾರಿ ಹಾಕಲು 1836ರಲ್ಲಿಯೇ ಸನ್ನದು ದೊರೆತಿತ್ತು. ಹಣವಿಲ್ಲದೆ ಹತ್ತು ವರ್ಷ ಅದು ಪೆಟ್ಟಿಗೆಯಲ್ಲಿ ಮಲಗಿತ್ತು. ಆಗ್ಡನ್ ಅದನ್ನು ಎಬ್ಬಿಸಿ ಅಧ್ಯಕ್ಷನಾದನು. ಪೂರ್ವದ ಹಣವಂತರು ನೀವೇ ಮೊದಲು ಸ್ವಲ್ಪ ಹಾಕಿ ತೋರಿಸಿ ಎಂದರು. ಊರಿನ ಅಂಗಡಿಯವರು ರೈಲು ಬಂದರೆ ರೈತರ ಗಾಡಿ ಬರುವುದು ನಿಲ್ಲುತ್ತದೆ, ವ್ಯಾಪಾರ ಹೊಳೆಯಲ್ಲಿ ಹೋಮವಾಗುತ್ತದೆ ಎಂದು ಅಡ್ಡಬಂದರು. ಆಗ ಅವನು ಕುದುರೆ ಹತ್ತಿ, ಹಳ್ಳಿಯಿಂದ ಹಳ್ಳಿಗೆ ಹೋಗಿ, ಚರ್ಚುಗಳಲ್ಲಿಯೂ ಶಾಲೆಗಳಲ್ಲಿಯೂ ಸಭೆ ಸೇರಿಸಿ ರೈತರಿಗೆ ಷೇರು ಮಾರಿದನು. ಕೆಸರಿನಲ್ಲಿ ಗಾಡಿ ಹೂತು, ಎತ್ತು ಸೊರಗಿ, ತಿಂಗಳ ದುಡಿಮೆಯ ಗೋಧಿ ಮಳೆಯಲ್ಲಿ ನೆನೆದ ಅನುಭವ ರೈತರಿಗೆ ಇತ್ತು. ಒಂದು ಷೇರು, ಎರಡು ಷೇರು ಎಂದು ಅವರು ಕೊಂಡರು. ಬೆಣ್ಣೆ ಮೊಟ್ಟೆ ಮಾರಿ ಕೂಡಿಟ್ಟ ಹೆಂಗಸರ ಗಂಟೂ ಅದರಲ್ಲಿ ಸೇರಿತ್ತೆಂದು ಹೇಳುತ್ತಾರೆ.

ಅಂತೂ ಮರದ ಹಳಿಯ ಮೇಲೆ ಕಬ್ಬಿಣದ ಪಟ್ಟಿ ಬಡಿದು ಕೆಲವು ಮೈಲಿ ದಾರಿಯಾಯಿತು. ಬೇರೆ ಕಂಪೆನಿ ಉಪಯೋಗಿಸಿ ಬಿಟ್ಟಿದ್ದ ಹತ್ತು ಟನ್ನಿನ ಹಳೆಯ ಎಂಜಿನ್ನೊಂದನ್ನು ಕೊಂಡು ಹಡಗಿನಲ್ಲಿ ತಂದು ಇಳಿಸಿದರು. ಅದರ ಹೆಸರು ಪಯೊನಿಯರ್. 1848ರ ಅಕ್ಟೋಬರಿನಲ್ಲಿ ಅದು ಸರಕಿನ ಬಂಡಿಗಳನ್ನು ಕಟ್ಟಿಕೊಂಡು, ಊರಿನ ಗಣ್ಯರನ್ನು ಹೊತ್ತು, ಡೆಸ್ ಪ್ಲೇನ್ಸ್ ಹೊಳೆಯ ಕಡೆಗೆ ಎಂಟು ಮೈಲಿ ಹೋಗಿ ಬಂತು. ದಾರಿಯಲ್ಲಿ ರೈತನೊಬ್ಬ ಗಾಡಿಯಲ್ಲಿ ಗೋಧಿ ಹೇರಿಕೊಂಡು ಊರಿಗೆ ಹೊರಟಿದ್ದನು. ರೈಲಿನಲ್ಲಿದ್ದವರು ಅಲ್ಲಿಯೇ ವ್ಯಾಪಾರ ಕುದುರಿಸಿ, ಗೋಧಿಯನ್ನು ರೈಲಿಗೆ ಏರಿಸಿ ತಂದರು. ಷಿಕಾಗೋವಿಗೆ ರೈಲಿನಲ್ಲಿ ಬಂದ ಮೊದಲ ಗೋಧಿ ಅದು. ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1853ರ ಏಪ್ರಿಲಿನಲ್ಲಿ, ಅಂದರೆ ಇದಕ್ಕೆ ಐದು ವರ್ಷವೂ ತುಂಬುವ ಮೊದಲು. ದಿನವೂ ಆ ದಾರಿಯಲ್ಲಿ ನೂಕುನುಗ್ಗಲಿನಲ್ಲಿ ಓಡಾಡುವ ನಮಗೆ ಈ ಲೆಕ್ಕ ಸ್ವಾರಸ್ಯವೆನಿಸಿತು. ಅಲ್ಲಿ ಷೇರು ಕೊಂಡವನು ರೈತ, ಇಲ್ಲಿ ಹಣ ಹಾಕಿದವರು ಲಂಡನ್ನಿನವರು. ವ್ಯತ್ಯಾಸ ಅಷ್ಟೇ ಅಲ್ಲವಾದರೂ ಅದು ಸಣ್ಣದೇನೂ ಅಲ್ಲ.

ಅದೇ ವರ್ಷ ಸರೋವರಕ್ಕೂ ಇಲಿನಾಯ್ ನದಿಗೂ ನಡುವಣ ಕಾಲುವೆಯೂ ತೆರೆಯಿತು. ಸೈರಸ್ ಮಕಾರ್ಮಿಕ್ ಎಂಬವನು ಕೊಯ್ಲಿನ ಯಂತ್ರ ಕಟ್ಟುವ ಕಾರಖಾನೆಯನ್ನು ಷಿಕಾಗೋವಿನಲ್ಲಿ ತೆರೆದಾಗ ಅದಕ್ಕೂ ಆಗ್ಡನ್ನನ ಬಂಡವಾಳ ಬಂತು. 1849ರಲ್ಲಿ ಮಕಾರ್ಮಿಕ್ ಅವನ ಪಾಲನ್ನು ಕೊಂಡು ಬಿಡಿಸಿಕೊಂಡನು. ರಷ್ ವೈದ್ಯಕೀಯ ಕಾಲೇಜಿನ ಮಂಡಲಿಗೆ ಮೊದಲ ಅಧ್ಯಕ್ಷನೂ ಅವನೇ. ಊರು 1850ರಲ್ಲಿ ಮೂವತ್ತು ಸಾವಿರ, 1860ರಲ್ಲಿ ಒಂದು ಲಕ್ಷ ಹನ್ನೆರಡು ಸಾವಿರ.

ಜನ ಬೆಳೆದಂತೆ ರೋಗವೂ ಬೆಳೆಯಿತು. ಸರೋವರದ ಮಟ್ಟಕ್ಕೇ ಕುಳಿತಿದ್ದ ಊರಿನಲ್ಲಿ ಕೊಳಚೆ ಹರಿದುಹೋಗಲು ಇಳಿಜಾರೇ ಇರಲಿಲ್ಲ. ಕಾಲರಾ ವರ್ಷವರ್ಷವೂ ಬಂದು ಹೋಗುತ್ತಿತ್ತು. 1855ರಲ್ಲಿ ಒಳಚರಂಡಿಗಾಗಿ ಒಂದು ಮಂಡಲಿಯಾಯಿತು. ಅದರ ಮೂವರಲ್ಲಿ ಆಗ್ಡನ್ನನೂ ಒಬ್ಬ. ಅವರು ಎಲ್ಲಿಸ್ ಚೆಸ್‌ಬ್ರೊ ಎಂಬ ಎಂಜಿನಿಯರನನ್ನು ಕರೆಸಿದರು. ಅವನು ಹೇಳಿದ ಉಪಾಯ ವಿಚಿತ್ರ. ಚರಂಡಿಯನ್ನು ನೆಲದೊಳಗೆ ಇಳಿಸಲಾಗದಿದ್ದರೆ ನೆಲದ ಮೇಲಿಟ್ಟು, ಅದರ ಮೇಲೆ ಮಣ್ಣು ತುಂಬಿ, ಬೀದಿಯನ್ನೇ ಎತ್ತರಿಸುವುದು! ಹಾಗೆಯೇ ಮಾಡಿದರು. ಬೀದಿ ಎತ್ತರವಾದ ಮೇಲೆ ಮನೆಗಳು ಹಳ್ಳದಲ್ಲಿ ಉಳಿದವು. ಇಟ್ಟಿಗೆಯ ದೊಡ್ಡ ದೊಡ್ಡ ಹೋಟೆಲುಗಳ ತಳಕ್ಕೆ ಸಾವಿರಾರು ಜಾಕಿ ಕೊಟ್ಟು, ಸಿಳ್ಳು ಹಾಕಿದೊಡನೆ ಎಲ್ಲರೂ ಒಟ್ಟಿಗೆ ತಿರುಪು ತಿರುಗಿಸಿ, ಒಳಗಿನವರು ಊಟ ಮಾಡುತ್ತಿರುವಂತೆಯೇ ಅಂಗುಲ ಅಂಗುಲವಾಗಿ ಕಟ್ಟಡಗಳನ್ನು ಮೇಲೆತ್ತಿದರು. ಕಡಲನ್ನು ತುಂಬಿಸಿ ಏಳು ದ್ವೀಪಗಳನ್ನು ಒಂದು ಮಾಡಿದ ಊರಿನಲ್ಲಿರುವ ನಮಗೂ ಇದು ಸೋಜಿಗವೇ.

ಇಷ್ಟೆಲ್ಲ ಹೇಳಿ, 1857ರ ಏಪ್ರಿಲ್ 20ನ್ನು ಬಿಟ್ಟುಬಿಟ್ಟರೆ ನಾವು ಚರಿತ್ರೆಕಾರರಾಗದೆ ಹೊಗಳುಭಟರಾಗುತ್ತೇವೆ. ಹೊಳೆ ಸರೋವರಕ್ಕೆ ಸೇರುವೆಡೆಯ ಮರಳಿನಲ್ಲಿ, ಸ್ಯಾಂಡ್ಸ್ ಎಂದು ಕರೆಯುತ್ತಿದ್ದ ಜಾಗದಲ್ಲಿ, ಬಡವರು ಹಲಗೆಯ ಗುಡಿಸಲು ಹಾಕಿಕೊಂಡಿದ್ದರು. ಜೂಜು, ಹೆಂಡ, ಸೂಳೆಗೇರಿಗಳಿಗೂ ಅದು ಹೆಸರಾಗಿತ್ತು. ನೆಲದ ಒಡೆತನ ವ್ಯಾಜ್ಯದಲ್ಲಿತ್ತು. ಆಗ್ಡನ್ ಆ ಹಕ್ಕನ್ನು ಕೊಂಡು, ಬಿಟ್ಟುಹೋಗಲು ನೋಟೀಸು ಕೊಟ್ಟನು. ಆಗಿನ ಮೇಯರು ಜಾನ್ ವೆಂಟ್‌ವರ್ತ್ ಪೊಲೀಸರನ್ನು ಕರೆದುಕೊಂಡು ಹೋಗಿ ಗುಡಿಸಲುಗಳನ್ನು ಕಿತ್ತುಹಾಕಿಸಿದನು. ಉಳಿದವಕ್ಕೆ ಬೆಂಕಿ ಬಿತ್ತು. ಕಾಯಿಲೆಯವರೂ ಮಕ್ಕಳೂ ಬೀದಿಪಾಲಾದರು. ಅಲ್ಲಿ ಆಗ್ಡನ್ನನ ಹಡಗುಕಟ್ಟೆಯ ಕಂಪೆನಿ ಎದ್ದಿತು. ಊರಿನ ಗಣ್ಯರು ಪೀಡೆ ತೊಲಗಿತೆಂದು ಸಂತೋಷಪಟ್ಟರು. ಜೋಪಡಿಗಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗಿ ಆ ಜಾಗದಲ್ಲಿ ಬೇಲಿ ಏಳುವುದನ್ನು ನಾವೂ ಕಂಡಿದ್ದೇವೆ. ಆ ದಿನದ ಸಂತೋಷದಲ್ಲಿ ಪಾಲುಗೊಳ್ಳಲು ನಮ್ಮಿಂದಾಗದು.

ರಾಜಕೀಯದಲ್ಲಿಯೂ ಅವನ ಹೆಜ್ಜೆ ಎಲ್ಲಕಡೆಯೂ ನೆಟ್ಟಗಿರಲಿಲ್ಲ. ರಿಪಬ್ಲಿಕನ್ ಪಕ್ಷಕ್ಕೆ ಸೇರಿ 1860ರಲ್ಲಿ ಇಲಿನಾಯ್ ಸೆನೆಟ್ಟಿಗೆ ಹೋದವನು, ಲಿಂಕನ್ನನು ಗುಲಾಮರ ವಿಮೋಚನೆಯನ್ನು ಸಾರಿದಾಗ ಅದು ಕಾಲಕ್ಕೆ ಮುಂಚಿನದೆಂದು ಮುನಿದು ಪಕ್ಷವನ್ನು ಬಿಟ್ಟನು. ಇಳಿಯದ ಜೌಗಿಗೆ ಬೀದಿಯನ್ನೇ ಎತ್ತಬಹುದೆಂದು ನಂಬಿದವನಿಗೆ ಮನುಷ್ಯರ ಬಿಡುಗಡೆಗೆ ಇನ್ನೂ ಕಾಲ ಬಂದಿಲ್ಲವೆಂದು ತೋರಿತು.

ರೈಲಿನಲ್ಲಿ ಮಾತ್ರ ಅವನ ಹೆಸರು ಏರುತ್ತಲೇ ಹೋಯಿತು. 1859ರಿಂದ 1868ರವರೆಗೆ ಷಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ ಅಧ್ಯಕ್ಷ. ಖಂಡದ ಈ ತುದಿಯಿಂದ ಆ ತುದಿಗೆ ದಾರಿ ಹಾಕಬೇಕೆಂದು ಯೂನಿಯನ್ ಪೆಸಿಫಿಕ್ ಕಂಪೆನಿ ಹುಟ್ಟಿದಾಗ, 1862ರಲ್ಲಿ, ಅದಕ್ಕೆ ಮೊದಲು ಅಧ್ಯಕ್ಷನಾಗಿ ಆರಿಸಿದ್ದೂ ಅವನನ್ನೇ. ಮರುವರ್ಷ ಆ ಸ್ಥಾನ ಬೇರೆಯವರಿಗೆ ಹೋಯಿತು. ಯೂಟಾ ಸಂಸ್ಥಾನದಲ್ಲಿ ಆ ರೈಲುದಾರಿಯ ಮೇಲಿರುವ ಆಗ್ಡನ್ ಎಂಬ ಊರಿಗೆ ಇವನ ಹೆಸರಿಟ್ಟಿದ್ದಾರೆಂದು ತಪ್ಪು ತಿಳಿಯಬಾರದು. ಅದು ತುಪ್ಪಳದ ವ್ಯಾಪಾರಿಯಾಗಿದ್ದ ಪೀಟರ್ ಆಗ್ಡನ್ನನ ಹೆಸರು.

ಅರುವತ್ತು ದಾಟಿದ ಮೇಲೆ ಅವನು ನ್ಯೂಯಾರ್ಕಿನ ಹೊರವಲಯದ ಫೋರ್ಡಂ ಹೈಟ್ಸಿನಲ್ಲಿ ಬಾಸ್ಕೊಬೆಲ್ ಎಂಬ ಬಂಗಲೆಯನ್ನು ಕೊಂಡು ವಿಶ್ರಾಂತಿಗೆ ಹೋದನು. ಆ ವಿಶ್ರಾಂತಿ ಮುರಿದದ್ದು 1871ರ ಅಕ್ಟೋಬರ್ 8ರ ಭಾನುವಾರದ ರಾತ್ರಿ. ತಿಂಗಳುಗಟ್ಟಲೆ ಮಳೆಯಿಲ್ಲದೆ ಒಣಗಿದ್ದ ಷಿಕಾಗೋವಿಗೆ ಬೆಂಕಿ ಬಿದ್ದು, ಎರಡು ದಿನ ಉರಿದು, ಸುಮಾರು ಮುನ್ನೂರು ಜನ ಸತ್ತು, ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಸುದ್ದಿ ತಿಳಿದು ಆಗ್ಡನ್ ಓಡಿಬಂದನು. ತಾನೇ ಗೆರೆ ಎಳೆಸಿದ ಬೀದಿಗಳಲ್ಲಿ ಅವನಿಗೆ ದಾರಿ ತಿಳಿಯಲಿಲ್ಲ. ಗುರುತಿಗೆ ಒಂದು ಗೋಡೆಯೂ ನಿಂತಿರಲಿಲ್ಲ. 1837ರಲ್ಲಿ ವ್ಯಾನ್ ಆಸ್ಡೆಲ್ ಎಂಬ ಶಿಲ್ಪಿಯನ್ನು ನ್ಯೂಯಾರ್ಕಿನಿಂದ ಕರೆಸಿ ಕಟ್ಟಿಸಿದ್ದ ಅವನ ಸ್ವಂತ ಮನೆ ಬೂದಿ. ಆ ಭಾಗದಲ್ಲಿ ಉಳಿದಿದ್ದ ಒಂದು ಮನೆ ಅವನ ತಮ್ಮ ಮ್ಯಾಲನ್ನನದು. ಈಗ ನ್ಯೂಬೆರಿ ಗ್ರಂಥಾಲಯ ಇರುವುದು ಆ ಸ್ಥಳದಲ್ಲಿ.

ಆ ಬೂದಿಯ ನಡುವೆ ನಿಂತಿದ್ದವನಿಗೆ ಎರಡನೆಯ ಸುದ್ದಿ ಬಂತು. ಉತ್ತರಕ್ಕೆ ಇನ್ನೂರೈವತ್ತು ಮೈಲಿ ದೂರದಲ್ಲಿ, ವಿಸ್ಕಾನ್ಸಿನ್ನಿನ ಕಾಡಿನೊಳಗೆ, ಪೆಶ್ಟಿಗೋ ಎಂಬ ಊರು. ಮರ ಕೊಯ್ಯುವ ಗಿರಣಿ, ಮರದ ಬಕೆಟ್ಟು ಪೀಪಾಯಿ ಮಾಡುವ ಕಾರಖಾನೆ, ಅದರ ಕೂಲಿಗಳ ಮನೆಗಳು. ಎಲ್ಲಕ್ಕೂ ಮೂಲ ಆಗ್ಡನ್ನನ ಕಂಪೆನಿಯೇ. ಷಿಕಾಗೋ ಹತ್ತಿಕೊಂಡ ಅದೇ ರಾತ್ರಿ ಕಾಡ್ಗಿಚ್ಚು ಬಿರುಗಾಳಿಯಂತೆ ಬಂದು ಒಂದು ಗಂಟೆಯೊಳಗೆ ಆ ಊರನ್ನು ಅಳಿಸಿಬಿಟ್ಟಿತ್ತು. ಹೊಳೆಗೆ ಹಾರಿ ತಲೆ ಮುಳುಗಿಸಿಕೊಂಡು ನಿಂತವರಲ್ಲಿ ಕೆಲವರು ಬದುಕಿದರು. ಆ ಕಾಡ್ಗಿಚ್ಚಿನಲ್ಲಿ ಸತ್ತವರು ಕಡಿಮೆಯೆಂದರೂ ಸಾವಿರದ ಇನ್ನೂರು. ಎರಡು ಸಾವಿರಕ್ಕೂ ಹೆಚ್ಚೆನ್ನುವವರಿದ್ದಾರೆ. ಗುರುತು ಹಿಡಿಯಲು ಬದುಕಿದವರೇ ಇಲ್ಲದ್ದರಿಂದ ನೂರಾರು ಹೆಣಗಳನ್ನು ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು. ಅಮೆರಿಕದ ಇತಿಹಾಸದಲ್ಲಿ ಅದಕ್ಕಿಂತ ಹೆಚ್ಚು ಜೀವಗಳನ್ನು ನುಂಗಿದ ಬೆಂಕಿಯಿಲ್ಲ. ಆದರೆ ತಂತಿಗಳೆಲ್ಲ ಷಿಕಾಗೋವಿನ ಸುದ್ದಿಯಿಂದ ತುಂಬಿದ್ದ ಆ ವಾರ ಪೆಶ್ಟಿಗೋವಿನ ಅಳಲನ್ನು ಕೇಳುವವರಿರಲಿಲ್ಲ, ಇಂದಿಗೂ ಆ ಹೆಸರು ತಿಳಿದವರು ಕಡಿಮೆ.

ಆಗ್ಡನ್ ಷಿಕಾಗೋವನ್ನು ಬಿಟ್ಟು ಅಲ್ಲಿಗೆ ಹೋದನು. ವಯಸ್ಸು ಅರುವತ್ತಾರು. ಹಲವು ವಾರ ಅಲ್ಲಿ ನಿಂತು, ಮಳೆಯಲ್ಲಿ ಕುದುರೆಯ ಮೇಲೆ ಓಡಾಡಿ, ಉಳಿದವರಿಗೆ ಕೆಲಸ ಕೊಟ್ಟು ಊರನ್ನು ಮತ್ತೆ ಎಬ್ಬಿಸಲು ದುಡಿದನು. ಗಿರಣಿ ಎದ್ದಿತು, ಬಕೆಟ್ಟಿನ ಕಾರಖಾನೆ ಮತ್ತೆ ಏಳಲಿಲ್ಲ. ಒಂದೇ ರಾತ್ರಿಯಲ್ಲಿ ಎರಡು ಊರುಗಳಲ್ಲಿ ಅವನು ಕಳೆದುಕೊಂಡದ್ದು ಲಕ್ಷಾಂತರ ಡಾಲರು.

ಆಮೇಲೆ ಹೇಳುವುದು ಹೆಚ್ಚಿಲ್ಲ. ಆಯುಷ್ಯವೆಲ್ಲ ಒಂಟಿಯಾಗಿದ್ದವನು 1875ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಮೇರಿಯಾನ ಆರ್ನಟ್ ಎಂಬಾಕೆಯನ್ನು ಮದುವೆಯಾದನು. ಎರಡು ವರ್ಷ ಸಂಸಾರ ನಡೆಸಿ 1877ರ ಆಗಸ್ಟ್ 3ರಂದು ಬಾಸ್ಕೊಬೆಲ್ಲಿನಲ್ಲಿ ತೀರಿಕೊಂಡನು. ಅವನನ್ನು ಮಣ್ಣು ಮಾಡಿದ್ದು ಷಿಕಾಗೋವಿನಲ್ಲಲ್ಲ, ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನದಲ್ಲಿ, ಹುಟ್ಟಿದ ಸಂಸ್ಥಾನದಲ್ಲಿಯೇ. ಷಿಕಾಗೋವಿನಲ್ಲಿ ಅವನ ಹೆಸರಿನ ಒಂದು ದೊಡ್ಡ ಬೀದಿ ಇದೆ. ಸ್ಯಾಂಡ್ಸಿನ ಗುಡಿಸಲುಗಳಿದ್ದ ಕಡೆ ಆಗ್ಡನ್ ಸ್ಲಿಪ್ ಎಂಬ ಹಡಗಿನ ಕಾಲುವೆ ಇದೆ. ಹತ್ತು ಟನ್ನಿನ ಆ ಹಳೆಯ ಪಯೊನಿಯರ್ ಎಂಜಿನ್ನೂ ಊರಿನ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದೆ.